ಗೌರಿಯನ್ನು ಎದುರುಗೊಳ್ಳತಕ್ಕವರು ಯಾರು?

ಭಾದ್ರಪದ ಮಾಸವು ಸಮೀಪಿಸುತ್ತಿದೆ. ಶುಕ್ಲಪಕ್ಷದ ತದಿಗೆಯ ದಿನ ನಮ್ಮ ಸೀಮೆಯ ಮನೆಮನೆಗೂ ಸ್ವರ್ಣಗೌರಿಯು ಬಿಜಯಮಾಡುವಳು. ಈ ಸಂದರ್ಭವನ್ನು ನೆನೆದು ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ವಿದ್ವಾಂಸರೊಬ್ಬರು ದೇವಿಯ ಆವಾಹನ ವಿಧಿಯನ್ನು ಕುರಿತು ಉಪನ್ಯಾಸ ಮಾಡಿದರು. ಕಲಶಸ್ಥಾಪನೆಯ ಕ್ರಮ, ಷೋಡಶೋಪಚಾರಗಳ ಅರ್ಥ, ಹದಿನಾರು ಗಂಟಿನ ದಾರದ ತಾತ್ಪರ್ಯ ಇವೆಲ್ಲವನ್ನೂ ಅವರು ಸೊಗಸಾಗಿಯೂ ಸುಲಭವಾಗಿಯೂ ವಿವರಿಸಿದರು. ಉಪನ್ಯಾಸವು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ನಮ್ಮ ತಂದೆಯವರು ಹೋದ ವರ್ಷ ತೀರಿಕೊಂಡರು. ಈ ಸಲ ಗೌರಿ ಬರುವಾಗ ಬಾಗಿಲಲ್ಲಿ ನಮ್ಮ ಅಮ್ಮ ಆರತಿ ಎತ್ತಬಹುದೆ?" ಎಂದು ಕೇಳಿದಳು. ವಿದ್ವಾಂಸರು ಕ್ಷಣಕಾಲ ಸುಮ್ಮನಿದ್ದು, ಮೃದುವಾಗಿಯೇ, "ಸಂಪ್ರದಾಯವಿಲ್ಲ, ಮಗು" ಎಂದರು. ಹುಡುಗಿ ಕುಳಿತುಕೊಂಡಳು. ವಂದನಾರ್ಪಣೆಯಾಯಿತು. ನಾವೆಲ್ಲರೂ ಕಾಫಿ ಕುಡಿದು ಮನೆಗೆ ಹೋದೆವು.

ಆ ಸಭೆಯಲ್ಲಿ ನಾನೂ ಇದ್ದೆ, ನಾನೂ ಮಾತನಾಡಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ. ಉಪನ್ಯಾಸಕಾರರ ಪಾಂಡಿತ್ಯದಲ್ಲಿ ನನಗೆ ಪೂರ್ಣವಾದ ಗೌರವವುಂಟು. ಆದರೆ ಅವರು ಕೊಟ್ಟ ಉತ್ತರವು ಸರಿಯಲ್ಲ. ಸ್ವರ್ಣಗೌರಿಯ ಹಬ್ಬದ ಮರ್ಮವನ್ನು ಬಲ್ಲವರು ಆ ಹುಡುಗಿಗೆ, "ನಿಮ್ಮ ಅಮ್ಮನಲ್ಲದೆ ಬೇರೆ ಯಾರು ಎತ್ತಬೇಕು?" ಎಂದೇ ಹೇಳಬೇಕಾಗಿತ್ತು. ಇದನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಬ್ಬದ ಸ್ವರೂಪವನ್ನು ನೋಡೋಣ. ಓದುಗರಿಗೆ ಇದು ತಿಳಿಯದ ವಿಷಯವಲ್ಲ. ಆದರೂ ನಿತ್ಯಪರಿಚಿತವಾದದ್ದನ್ನು ನಾವು ಕಣ್ಣಿಟ್ಟು ನೋಡುವುದು ಕಡಿಮೆ. ತದಿಗೆಯ ಬೆಳಗ್ಗೆ ಹೆಂಗಸರು ಮಡಿಯುಟ್ಟು ಹೊಳೆಗೋ ಕೆರೆಗೋ ಬಾವಿಗೋ ಹೋಗಿ, ಅಲ್ಲಿ ಗಂಗೆಯನ್ನು ಪೂಜಿಸಿ, ಬಿಂದಿಗೆಯಲ್ಲಿ ನೀರು ತುಂಬಿ, ಹೂ ಮುಡಿಸಿ ಮನೆಗೆ ತರುವರು. ಕೆಲವೆಡೆ ದಡದ ಮರಳಿನಲ್ಲಿಯೇ ಗೌರಿಯನ್ನು ಮಾಡುವರು. ಕೆಲವೆಡೆ ಅರಿಶಿನವನ್ನು ಕಲಸಿ ಗೋಪುರದಂತೆ ತೀಡಿ ಅದರಲ್ಲಿ ಆವಾಹಿಸುವರು. ಪೇಟೆಯಿಂದ ಮಣ್ಣಿನ ಗೌರಿಯನ್ನು ತರುವವರೂ ಉಂಟು. ರೂಪವು ಯಾವುದೇ ಆಗಲಿ, ದೇವಿಯು ಹೊಸ್ತಿಲ ಹೊರಗೆ ಒಂದು ಗಳಿಗೆ ನಿಲ್ಲಲೇ ಬೇಕು. ಅಲ್ಲಿ ರಂಗೋಲಿಯಿದೆ, ತೋರಣವಿದೆ. ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ಆರತಿಯನ್ನು ಎತ್ತಿ, ದೃಷ್ಟಿ ತೆಗೆದು, ಹಾಡು ಹೇಳಿ ಅವಳನ್ನು ಒಳಗೆ ಕರೆಯುವರು. ಮಂತ್ರಪೂರ್ವಕವಾದ ಆವಾಹನವು ಆಮೇಲೆ, ಮಂಟಪದ ಮುಂದೆ ನಡೆಯುವುದು. ಆದರೆ ದೇವಿಯು ನಿಜವಾಗಿ ಮನೆಗೆ ಬಂದಳೆಂಬ ಭಾವವು ನಮ್ಮ ಹೆಂಗಸರಿಗೆ ಉಂಟಾಗುವುದು ಹೊಸ್ತಿಲಿನಲ್ಲಿಯೇ.

ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಜ್ಯೇಷ್ಠಾಗೌರಿಯನ್ನು ಅನುರಾಧಾ ನಕ್ಷತ್ರದಲ್ಲಿ ಬರಮಾಡಿಕೊಂಡು, ಜ್ಯೇಷ್ಠಾ ನಕ್ಷತ್ರದಲ್ಲಿ ಪೂಜಿಸಿ, ಮೂಲಾ ನಕ್ಷತ್ರದಲ್ಲಿ ಬೀಳ್ಕೊಡುವರು. ಅಲ್ಲಿ ಬಾಗಿಲಿನಿಂದ ದೇವರ ಮನೆಯ ವರೆಗೆ ಪುಟ್ಟ ಹೆಜ್ಜೆಗಳನ್ನು ಬರೆದು, ಒಂದೊಂದು ಹೆಜ್ಜೆಗೂ ನಿಲ್ಲಿಸಿ ದೇವಿಯನ್ನು ನಡೆಸಿಕೊಂಡು ಬರುವರು. ವಂಗದೇಶದಲ್ಲಿ ಶರತ್ಕಾಲದ ದುರ್ಗಾಪೂಜೆಗೆ ಮುಂಚೆ ಹಾಡುವ ಆಗಮನಿಯೆಂಬ ಗೀತೆಗಳ ಜಾತಿಯೊಂದಿದೆ. ಮಗಳು ಉಮೆಯನ್ನು ಕೈಲಾಸದಿಂದ ಕರೆತರಬೇಕೆಂದು ತಾಯಿ ಮೇನಕೆಯು ಪರಿತಪಿಸುವುದೇ ಅವುಗಳ ವಿಷಯ. ದೇಶಭಾಷೆಗಳು ಬೇರೆಯಾದರೂ ಎಲ್ಲೆಡೆಯಲ್ಲಿಯೂ ಭಾವವೊಂದೇ: ಗಂಡನ ಮನೆಯಲ್ಲಿದ್ದ ಮಗಳು ತವರಿಗೆ ಬರುತ್ತಿದ್ದಾಳೆ.

ನಮ್ಮಲ್ಲಿಯಂತೂ ಈ ಭಾವವು ಹಬ್ಬದ ಪ್ರತಿಯೊಂದು ಅಂಗದಲ್ಲಿಯೂ ಹೊಕ್ಕಿದೆ. ಗೌರಿಯು ತವರಿಗೆ ಬಂದಳೆಂದು ಹೇಳುತ್ತೇವೆ. ಮರುದಿನ ಚೌತಿಗೆ ಬರುವ ಗಣಪನು ತಾಯಿಯನ್ನು ಕರೆದುಕೊಂಡು ಹೋಗಲು ಬಂದನೆನ್ನುತ್ತೇವೆ. ಅವಳಿಗೆ ಮಡಿಲು ತುಂಬಿ ಕಳುಹಿಸುತ್ತೇವೆ. ಅದೇ ದಿನ ನಮ್ಮ ನಮ್ಮ ಹೆಣ್ಣುಮಕ್ಕಳಿಗೂ ತವರಿನ ಬಾಗಿನವು ಹೋಗುತ್ತದೆ. ಜೋಡಿ ಮೊರಗಳಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆಯ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಇವನ್ನಿಟ್ಟು ಸೆರಗು ಮುಚ್ಚಿ ಕೊಡುವ ಆ ಮೊರದ ಬಾಗಿನವನ್ನು ಎಣಿಸಿಕೊಂಡೇ ಎಷ್ಟೋ ಮಂದಿ ಹೆಣ್ಣುಮಕ್ಕಳು ವರುಷವನ್ನು ಕಳೆಯುತ್ತಿದ್ದ ಕಾಲವೊಂದಿತ್ತು. ಈ ಹಬ್ಬದಲ್ಲಿ ದೇವಿಯು ಮಹಿಷನನ್ನು ಕೊಂದ ಚಂಡಿಕೆಯಾಗಿ ಬರುವುದಿಲ್ಲ, ವರವನ್ನು ಕೊಡುವ ರಾಜ್ಞಿಯಾಗಿಯೂ ಬರುವುದಿಲ್ಲ. ಹೆತ್ತ ಮನೆಯ ಬಾಗಿಲಿಗೆ ಬಂದ ಮಗಳಾಗಿ ಬರುತ್ತಾಳೆ.

ಹಾಗಾದರೆ ಮಗಳು ತವರಿಗೆ ಬಂದಾಗ ಬಾಗಿಲಿಗೆ ಓಡಿ ಬರುವವರು ಯಾರು? ಈ ಪ್ರಶ್ನೆಗೆ ಉತ್ತರ ಹೇಳಲು ಶಾಸ್ತ್ರಜ್ಞಾನವೇನೂ ಬೇಕಾಗಿಲ್ಲ. ತಾಯಿ ಬರುತ್ತಾಳೆ. ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬರುತ್ತಾಳೆ. ಅವಳಿಗೆ ಗಂಡನಿದ್ದಾನೆಯೆ ಇಲ್ಲವೆ ಎಂಬುದನ್ನು ಬಂದ ಮಗಳು ಕೇಳುವಳೆ? ತಂದೆಯನ್ನು ಕಳೆದುಕೊಂಡ ಮಗಳಿಗೆ ತಾಯಿಯ ಮುಖವನ್ನು ಕಾಣುವ ತವಕವು ಇಮ್ಮಡಿಯಾಗಿರುವುದಲ್ಲದೆ ಕಡಿಮೆಯಾಗುವುದುಂಟೆ? ಲೋಕದ ಮಗಳ ವಿಷಯದಲ್ಲಿ ನಾವು ಒಪ್ಪುವ ಈ ಸಾಮಾನ್ಯ ಸಂಗತಿಯನ್ನು, ಮಗಳೆಂದು ನಾವೇ ಕರೆದ ಗೌರಿಯ ವಿಷಯದಲ್ಲಿ ತಲೆಕೆಳಗು ಮಾಡುತ್ತೇವೆ. ಮಗಳು ಬಾಗಿಲಿಗೆ ಬಂದಳೆನ್ನುವಷ್ಟರಲ್ಲಿ ತಾಯಿಯನ್ನು ಒಳಕ್ಕೆ ಕಳುಹಿಸುತ್ತೇವೆ.

ಕಳುಹಿಸುತ್ತೇವೆ ಎಂಬ ಮಾತು ಕೆಲವರಿಗೆ ಕಟುವಾಗಿ ತೋರಬಹುದು. ಈಗಿನ ಕಾಲದಲ್ಲಿ ಓದಿದವರ ಮನೆಯಲ್ಲಿ ಯಾರೂ ಯಾರನ್ನೂ ಹೋಗೆಂದು ಹೇಳುವುದಿಲ್ಲವೆಂದು ಅವರು ಆಕ್ಷೇಪಿಸಬಹುದು. ನಿಜ, ಹೇಳುವುದಿಲ್ಲ. ನನ್ನ ಮನೆಯಲ್ಲಿಯೂ ಯಾರೂ ಹೇಳಲಿಲ್ಲ. ನನ್ನ ಅಕ್ಕನು ಭಾವನವರನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು ಇರತೊಡಗಿದ ಮೊದಲನೆಯ ವರ್ಷದ ಸಂಗತಿಯಿದು. ಹಬ್ಬದ ಹಿಂದಿನ ದಿನ ತೆಂಗಿನ ನಾರಿನಿಂದ ಕಲಶವನ್ನು ಬೆಳಗಿದವಳು ಅವಳು. ಬೆಳಗಿನ ಜಾವ ಹೂ ಬಿಡಿಸಿದವಳು ಅವಳು. ಹೂರಣವನ್ನು ರುಬ್ಬಿದವಳು, ಅರಿಶಿನದ ಗೌರಿಗೆ ಮೂಗು ತೀಡಿದವಳು ಅವಳು. ಆ ಮೂಗು ತೀಡುವುದು ನಮ್ಮ ಮನೆಯಲ್ಲಿ ಮತ್ತೆ ಯಾರಿಗೂ ಬರುವುದಿಲ್ಲ. ಬಾವಿಕಟ್ಟೆಯಿಂದ ಗಂಗೆಯು ಹೊರಟಳೆಂದು ಹುಡುಗರು ಕೂಗಿದಾಗ ಎಲ್ಲರೂ ಬಾಗಿಲಿಗೆ ಬಂದೆವು. ಅಕ್ಕನು ಆರತಿಯ ತಟ್ಟೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ದೀಪವು ಗಾಳಿಗೆ ಆರದಂತೆ ಹೇಗೆ ಹಿಡಿಯಬೇಕೆಂದು ತೋರಿಸಿ, ತಾನಾಗಿಯೇ ಅಡಿಗೆಯ ಮನೆಗೆ ಹೋಗಿ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಕೈಯಲ್ಲಿ ಗಂಟೆಯನ್ನು ಹಿಡಿದು ನಿಂತಿದ್ದೆ. ಅವಳು ಹೋದದ್ದನ್ನು ನೋಡಿದೆ, ಗಂಟೆಯನ್ನು ಬಾರಿಸಿದೆ.

ಆ ದಿನ ಇನ್ನೊಂದು ಸಂಗತಿಯೂ ನಡೆಯಿತು. ನಮ್ಮ ಮನೆಯಲ್ಲಿ ಗೌರಿಯನ್ನು ಕರೆಯುವ ಹಾಡೊಂದು ನಮ್ಮ ಅಜ್ಜಿಯ ಕಾಲದಿಂದ ಬಂದಿತ್ತು. ಅಜ್ಜಿಯಿಂದ ಅಮ್ಮನಿಗೂ ಅಮ್ಮನಿಂದ ಅಕ್ಕನಿಗೂ ಬಂದಿದ್ದ ಆ ಹಾಡಿಗೆ ಪುಸ್ತಕವಿಲ್ಲ. ಬಾಗಿಲಲ್ಲಿ ಹಾಡಬೇಕಾದಾಗ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಕೊನೆಗೆ ಹುಡುಗರು ಫೋನಿನಲ್ಲಿ ಯಾವುದೋ ಹಾಡನ್ನು ಹಚ್ಚಿದರು. ಹಾಡು ಬಲ್ಲವಳು ಹತ್ತು ಮಾರು ದೂರದಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ ಇದ್ದಳು. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ.

ಈಗ ಪೂರ್ವಪಕ್ಷದ ಮಾತುಗಳನ್ನು ಒಂದೊಂದಾಗಿ ವಿಚಾರಮಾಡೋಣ.

ಶಾಸ್ತ್ರವು ಸಮ್ಮತಿಸುವುದಿಲ್ಲವೆಂಬುದು ಮೊದಲನೆಯ ಆಕ್ಷೇಪ. ಸುವಾಸಿನಿಯರನ್ನು ಪೂಜಿಸಬೇಕೆಂದೂ ಅವರಿಗೆ ಬಾಗಿನವನ್ನು ಕೊಡಬೇಕೆಂದೂ ವಿಧಿಯಿರುವುದು ನಿಜ. ವಿಧವೆಯರಿಗೆ ಕಠಿನವಾದ ನಿಯಮಗಳನ್ನು ಹೇರಿದ ಧರ್ಮಗ್ರಂಥಗಳಿರುವುದೂ ನಿಜ. ಅದನ್ನು ಮರೆಮಾಚಿ ವಾದಿಸುವುದು ಪ್ರಾಮಾಣಿಕತೆಯಲ್ಲ. ಆದರೆ ಸುವಾಸಿನಿಯರಿಗೆ ಬಾಗಿನವನ್ನು ಕೊಡಬೇಡಿರೆಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು ಹೊಸ್ತಿಲ ವಿಷಯ. ಆವಾಹನ, ಆಸನ, ಪಾದ್ಯ, ಅರ್ಘ್ಯ, ಆಚಮನ ಎಂದು ಮೊದಲಾಗುವ ಉಪಚಾರಗಳನ್ನು ನೋಡಿದರೆ, ಅವು ಮನೆಗೆ ಬಂದ ಅತಿಥಿಯನ್ನು ಸತ್ಕರಿಸುವ ಕ್ರಮವೇ ಆಗಿವೆಯೆಂಬುದು ಸ್ಪಷ್ಟವಾಗುತ್ತದೆ. ಕಾಲಿಗೆ ನೀರು, ಕುಳಿತುಕೊಳ್ಳಲು ಮಣೆ, ಕುಡಿಯಲು ನೀರು. ಅತಿಥಿಯಾಗಿ ನೆಂಟನು ಬಂದಾಗ ಇವನ್ನೆಲ್ಲ ಕೊಡುವ ಅಕ್ಕನ ಕೈ, ಅತಿಥಿಯಾಗಿ ದೇವಿಯು ಬಂದಾಗ ಮಾತ್ರ ಸಲ್ಲದಂತಾಗುವುದು ಹೇಗೆ?

ಸ್ವರ್ಣಗೌರಿಯ ವ್ರತದ ಕಥೆಯನ್ನೇ ತೆಗೆದುಕೊಳ್ಳೋಣ. ಪ್ರತಿವರ್ಷವೂ ಅಕ್ಷತೆಯನ್ನು ಕೈಯಲ್ಲಿ ಹಿಡಿದು ಅದನ್ನು ಕೇಳುತ್ತೇವೆ. ರಾಜನ ಕೈಗೆ ಕಟ್ಟಿದ್ದ ಹದಿನಾರು ಗಂಟಿನ ದಾರವನ್ನು ಹಿರಿಯ ರಾಣಿಯು ಕೋಪದಿಂದ ಕಿತ್ತು ಎಸೆದಳು. ಅದು ಹೋಗಿ ಒಣಗಿದ ಮರದ ಮೇಲೆ ಬಿದ್ದಿತು. ಒಣಗಿದ ಮರವು ಚಿಗುರಿತು. ಕಥೆಯನ್ನು ಹೇಳಿದವರು ಗೌರಿಯ ದಾರಕ್ಕೆ ಇಂತಹ ಶಕ್ತಿಯಿದೆಯೆಂದು ನಂಬಿದ್ದರು. ಈ ಕಥೆಯನ್ನು ಕೇಳಿ ಅಕ್ಷತೆಯನ್ನು ಹಾಕಿ ಎದ್ದ ನಾವು, ವಿಧವೆಯ ಕೈ ತಗುಲಿದರೆ ದಾರದ ಶಕ್ತಿಯು ಕುಂದುವುದೆಂದು ಹೆದರುತ್ತೇವೆ. ಒಣಮರವನ್ನು ಚಿಗುರಿಸಿದ ದೇವಿಯು ಒಬ್ಬ ಹೆಂಗಸಿನ ಕೈಯ ಆರತಿಗೆ ಬಾಡುವಳೆ? ಇದು ದೇವಿಯಲ್ಲಿ ಭಕ್ತಿಯಲ್ಲ, ಅವಿಶ್ವಾಸ.

ಇನ್ನು ಗಜಗೌರಿ ವ್ರತದ ಕಥೆ. ಇದು ವ್ಯಾಸಭಾರತದ್ದಲ್ಲ, ಆದರೆ ಕನ್ನಡನಾಡಿನ ಹೆಂಗಸರ ಬಾಯಲ್ಲಿಯೂ ಯಕ್ಷಗಾನದ ರಂಗದಲ್ಲಿಯೂ ಬಾಳಿಬಂದ ಕಥೆ. ಗಾಂಧಾರಿಯ ನೂರು ಮಕ್ಕಳು ಮಣ್ಣು ಹೊತ್ತು ದೊಡ್ಡ ಆನೆಯನ್ನು ಮಾಡಿಕೊಟ್ಟರು. ಅವಳು ಅದರ ಮೇಲೆ ಗೌರಿಯನ್ನಿಟ್ಟು ಪೂಜಿಸಿದಳು. ತನಗೆ ಆ ಭಾಗ್ಯವಿಲ್ಲವಲ್ಲಾ ಎಂದು ಕುಂತಿಯು ಕಣ್ಣೀರಿಟ್ಟಳು. ತಾಯಿಯ ಕಣ್ಣೀರನ್ನು ನೋಡಲಾರದೆ ಅರ್ಜುನನು ಬಾಣಗಳಿಂದ ಸ್ವರ್ಗಕ್ಕೆ ದಾರಿಯನ್ನು ಕಟ್ಟಿದನು. ಭೀಮನು ಹೋಗಿ ಇಂದ್ರನ ಐರಾವತವನ್ನೇ ಇಳಿಸಿ ತಂದನು. ಕುಂತಿಯು ಜೀವಂತವಾದ ಬಿಳಿಯಾನೆಯ ಮೇಲೆ ಗೌರಿಯನ್ನು ಪೂಜಿಸಿದಳು. ರಾತ್ರಿಯಿಡೀ ಆಟ ನೋಡಿ ಐರಾವತವು ಇಳಿಯುವಾಗ ಚಪ್ಪಾಳೆ ತಟ್ಟಿದವರು ಒಂದು ಸಣ್ಣ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಆಗ ಪಾಂಡುರಾಜನು ಎಲ್ಲಿದ್ದನು? ಅವನು ಶತಶೃಂಗದಲ್ಲಿ ತೀರಿಕೊಂಡು, ಮಾದ್ರಿಯು ಸಹಗಮನ ಮಾಡಿ, ಕುಂತಿಯು ಐವರು ಮಕ್ಕಳನ್ನು ಕರೆದುಕೊಂಡು ಹಸ್ತಿನಾವತಿಗೆ ಬಂದ ಮೇಲಿನ ಕಥೆಯಲ್ಲವೆ ಇದು? ಗೌರಿಯನ್ನು ಪೂಜಿಸುವ ಆಸೆಯಿಂದ ಅತ್ತವಳು ವಿಧವೆ. ಆ ಆಸೆಯು ತಪ್ಪೆಂದು ಧರ್ಮರಾಯನು ಹೇಳಲಿಲ್ಲ. ಸಂಪ್ರದಾಯವಿಲ್ಲ, ಅಮ್ಮಾ, ಎಂದು ಭೀಮಾರ್ಜುನರು ಹೇಳಲಿಲ್ಲ. ಅವರು ದೇವಲೋಕದ ಆನೆಯನ್ನು ತಂದರು. ನಮ್ಮ ಅಮ್ಮಂದಿರು ಕೇಳುವುದು ಆನೆಯನ್ನಲ್ಲ; ಒಂದು ಆರತಿಯ ತಟ್ಟೆಯನ್ನು.

ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದ ನಾರಾಯಣೀಸ್ತುತಿಯಲ್ಲಿ ಲೋಕದ ಸಮಸ್ತ ಸ್ತ್ರೀಯರೂ ದೇವಿಯ ರೂಪಗಳೇ ಎಂದು ದೇವತೆಗಳು ಕೊಂಡಾಡಿದ್ದಾರೆ. ಸಮಸ್ತವೆಂಬ ಮಾತಿಗೆ ಅಲ್ಲಿ ಯಾವ ವಿನಾಯಿತಿಯನ್ನೂ ಇಟ್ಟಿಲ್ಲ. ತಂತ್ರಶಾಸ್ತ್ರದ ದಶಮಹಾವಿದ್ಯೆಗಳಲ್ಲಿ ಒಬ್ಬಳಾದ ಧೂಮಾವತಿಯು ವಿಧವೆಯ ರೂಪದಲ್ಲಿಯೇ ಧ್ಯಾನಿಸಲ್ಪಡುತ್ತಾಳೆ. ದೇವಿಯೇ ವಿಧವೆಯ ರೂಪವನ್ನು ತಾಳಬಹುದಾದರೆ, ವಿಧವೆಯು ದೇವಿಯನ್ನು ಎದುರುಗೊಳ್ಳಬಾರದೆನ್ನುವುದಕ್ಕೆ ಅರ್ಥವೇನು?

ಎರಡನೆಯ ಆಕ್ಷೇಪವು ಅಮಂಗಲದ್ದು. ಗಂಡನು ಸತ್ತವಳು ಶುಭಕಾರ್ಯದಲ್ಲಿ ಮುಂದೆ ಬಂದರೆ ಮನೆಗೆ ಒಳ್ಳೆಯದಾಗುವುದಿಲ್ಲವೆಂಬ ಭಯವಿದು. ಇದನ್ನು ಬಾಯಿಬಿಟ್ಟು ಹೇಳಲು ಈಗ ಎಲ್ಲರೂ ನಾಚುತ್ತಾರೆ. ಆದರೆ ಉಳಿದ ಎಲ್ಲ ಆಕ್ಷೇಪಗಳ ಬೇರೂ ಇದೇ. ಈ ಭಯವುಳ್ಳವರು ಒಂದು ದಿನ ತಾಳಿ ಚೌತಿಯ ಬೆಳಗ್ಗೆ ಏನಾಗುವುದೆಂದು ನೋಡಲಿ. ಹೆಂಡತಿಯನ್ನು ಕಳೆದುಕೊಂಡ ಯಜಮಾನನು ಮಡಿಯುಟ್ಟು ಬಂದು, ಮಣೆಯ ಮೇಲೆ ಕುಳಿತು, ಸಂಕಲ್ಪ ಮಾಡಿ, ಸಿದ್ಧಿವಿನಾಯಕನನ್ನು ಆವಾಹಿಸುತ್ತಾನೆ. ಅವನು ಹಿಂದೆ ಸರಿಯಬೇಕೆಂದು ಪುರೋಹಿತರೂ ಹೇಳುವುದಿಲ್ಲ, ನೆಂಟರೂ ಹೇಳುವುದಿಲ್ಲ, ಅವನಿಗೂ ತೋರುವುದಿಲ್ಲ. ಸಾವು ಎರಡು ಮನೆಗಳಲ್ಲಿಯೂ ಒಂದೇ. ಒಂದು ಮನೆಯಲ್ಲಿ ಗಂಡನನ್ನು ಜ್ವರವು ಕೊಂಡೊಯ್ದಿತು, ಇನ್ನೊಂದು ಮನೆಯಲ್ಲಿ ಹೆಂಡತಿಯನ್ನು ಕೊಂಡೊಯ್ದಿತು. ಉಳಿದ ಗಂಡಸಿಗೆ ತಾಯಿಯ ಮಗನನ್ನು ಪೂಜಿಸುವ ಅಧಿಕಾರವು ಹೋಗಲಿಲ್ಲ. ಉಳಿದ ಹೆಂಗಸಿಗೆ ಆ ತಾಯಿಯನ್ನು ಬರಮಾಡಿಕೊಳ್ಳುವ ಅಧಿಕಾರವು ಹೋಯಿತು. ಅಮಂಗಲವು ಸಾವಿನಿಂದ ಬರುವುದಾದರೆ ಇಬ್ಬರಿಗೂ ಬರಬೇಕು. ಒಬ್ಬರಿಗೆ ಮಾತ್ರ ಬರುವುದಾದರೆ ಅದು ಸಾವಿನಿಂದ ಬಂದದ್ದಲ್ಲ, ನಮ್ಮಿಂದ ಬಂದದ್ದು.

ಇದಲ್ಲದೆ, ವಿಧವೆಯ ಕೈಯು ಅಮಂಗಲವೆಂಬುದನ್ನು ನಾವು ನಿಜವಾಗಿಯೂ ನಂಬುವೆವೆ? ನಂಬಿದ್ದರೆ ಆ ಕೈ ಬೆಳಗಿದ ಕಲಶವನ್ನು ಇಡುತ್ತಿರಲಿಲ್ಲ, ಆ ಕೈ ಬಿಡಿಸಿದ ಹೂವನ್ನು ಏರಿಸುತ್ತಿರಲಿಲ್ಲ, ಆ ಕೈ ಮಾಡಿದ ಹೋಳಿಗೆಯನ್ನು ನೈವೇದ್ಯ ಮಾಡುತ್ತಿರಲಿಲ್ಲ. ಕೆಲಸಕ್ಕೆ ಮಂಗಲವಾಗಿದ್ದ ಕೈಯು ಗೌರವದ ಹೊತ್ತಿಗೆ ಅಮಂಗಲವಾಗುತ್ತದೆ. ಇಂತಹ ನಂಬಿಕೆಗೆ ಧರ್ಮವೆಂಬ ಹೆಸರು ಸಲ್ಲದು. ಅದನ್ನು ಅನುಕೂಲವೆಂದು ಕರೆಯಬೇಕು.

ಮೂರನೆಯ ಆಕ್ಷೇಪವು ಹೆಚ್ಚು ಸೂಕ್ಷ್ಮವಾದದ್ದು. "ನಾವು ಬೇಡವೆನ್ನುವುದಿಲ್ಲ, ಅವರೇ ಒಲ್ಲೆನ್ನುತ್ತಾರೆ. ಅವರ ಮನಸ್ಸನ್ನು ನೋಯಿಸಿ ಬಲವಂತ ಮಾಡುವುದು ಸರಿಯೆ?" ಎಂದು ಸಹೃದಯರಾದವರು ಕೇಳುತ್ತಾರೆ. ಬಲವಂತ ಮಾಡುವುದು ಸರಿಯಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಆ ಒಲ್ಲೆಂಬ ಮಾತು ಎಲ್ಲಿಂದ ಹುಟ್ಟಿತೆಂಬುದನ್ನು ವಿಚಾರಿಸಬೇಡವೆ? ಹನ್ನೊಂದನೆಯ ದಿನ ಬಳೆ ಒಡೆದಾಗ ಯಾರೂ ಅವಳ ಮನಸ್ಸನ್ನು ಕೇಳಲಿಲ್ಲ. ಮದುವೆಯ ಮನೆಯಲ್ಲಿ ಕುಂಕುಮದ ಬಟ್ಟಲು ಅವಳನ್ನು ದಾಟಿ ಮುಂದಕ್ಕೆ ಹೋದಾಗ ಯಾರೂ ಕೇಳಲಿಲ್ಲ. ಹೀಗೆ ಹತ್ತು ಸಲ ದಾಟಿಸಿಕೊಂಡವಳು ಹನ್ನೊಂದನೆಯ ಸಲ ತಾನೇ ಎದ್ದು ಹೋಗುತ್ತಾಳೆ. ದಾಟಿಸಿಕೊಳ್ಳುವುದಕ್ಕಿಂತ ಎದ್ದು ಹೋಗುವುದರಲ್ಲಿ ಸ್ವಲ್ಪ ಮಾನವುಂಟು. ಅದನ್ನು ಅವಳ ಇಷ್ಟವೆಂದು ಎಣಿಸಿ ನಾವು ಸಮಾಧಾನ ಪಡುವುದು ಅನ್ಯಾಯ. ಬರಲೊಲ್ಲದವಳನ್ನು ಎಳೆದು ತರಬೇಕಾಗಿಲ್ಲ. ಆದರೆ ಕರೆಯಬೇಕು, ಎಲ್ಲರ ಎದುರಿಗೆ, ಗಟ್ಟಿಯಾಗಿ, ಒಂದು ವರ್ಷ ಬಾರದಿದ್ದರೆ ಮರುವರ್ಷವೂ ಕರೆಯಬೇಕು. ಅವಳು ಒಲ್ಲೆಂದರೆ ಅದು ಆಗ ಅವಳ ಮಾತು.

ನಾಲ್ಕನೆಯದೂ ಕೊನೆಯದೂ ಆದ ಆಕ್ಷೇಪವು ಸಂಪ್ರದಾಯದ್ದು. ಅಂದು ಉಪನ್ಯಾಸಕಾರರು ಹೇಳಿದ್ದೂ ಇದನ್ನೇ. ಸಂಪ್ರದಾಯವನ್ನು ನಾನು ಹಗುರವಾಗಿ ಎಣಿಸುವವನಲ್ಲ. ಆದರೆ ಸಂಪ್ರದಾಯದ ಹೆಸರನ್ನು ಹೇಳುವವರು ತಮ್ಮ ಮನೆಯ ಹಬ್ಬವನ್ನು ಒಮ್ಮೆ ನೋಡಿಕೊಳ್ಳಲಿ. ಹೊಳೆಗೆ ಹೋಗಿ ತರುತ್ತಿದ್ದ ಗಂಗೆಯು ಈಗ ನಲ್ಲಿಯಿಂದ ಬರುತ್ತಾಳೆ. ಬಿದಿರಿನ ಮೊರವಿದ್ದ ಕಡೆ ಪ್ಲಾಸ್ಟಿಕ್ಕಿನ ಮೊರ ಬಂದಿದೆ. ಬಾಗಿನದ ಸಾಮಾನು ಅಂಗಡಿಯಲ್ಲಿ ಒಂದೇ ಪೊಟ್ಟಣದಲ್ಲಿ ದೊರೆಯುತ್ತದೆ. ಪುರೋಹಿತರಿಗೆ ಬಿಡುವಿಲ್ಲದಿದ್ದರೆ ಧ್ವನಿಮುದ್ರಣವನ್ನು ಹಚ್ಚಿ ಮಂತ್ರವನ್ನು ಕೇಳಿಸಿಕೊಳ್ಳುತ್ತೇವೆ. ಕಛೇರಿಯ ಹೊತ್ತಿಗೆ ಸರಿಯಾಗಿ ಮುಹೂರ್ತವು ಹಿಂದುಮುಂದಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಸಂಪ್ರದಾಯವಿಲ್ಲವೆಂದು ಯಾರೂ ಹೇಳಲಿಲ್ಲ. ನಮ್ಮ ಅನುಕೂಲಕ್ಕಾಗಿ ಸಂಪ್ರದಾಯವು ಇಷ್ಟೊಂದು ಬಾಗಿದೆಯಲ್ಲಾ. ಒಬ್ಬ ತಾಯಿಗಾಗಿ ಅದು ಬಾಗಿದರೆ ಮಾತ್ರ ಮುರಿದುಹೋಗುವುದೆ?

ಸಂಪ್ರದಾಯವು ವಿಧವೆಯರ ವಿಷಯದಲ್ಲಿಯೇ ಹಿಂದೆಯೂ ಬಾಗಿದೆ. ಈಶ್ವರಚಂದ್ರ ವಿದ್ಯಾಸಾಗರರು ಪರಾಶರಸ್ಮೃತಿಯ ಆಧಾರವನ್ನು ಹಿಡಿದು ವಾದಿಸಿದರು. ೧೮೫೬ರಲ್ಲಿ ಹಿಂದೂ ವಿಧವಾವಿವಾಹದ ಕಾಯಿದೆಯು ಹುಟ್ಟಿತು. ಕನ್ನಡದಲ್ಲಿ ಸಾಮಾಜಿಕ ಕಾದಂಬರಿಯು ಮೊದಲು ಕಣ್ಣು ತೆರೆದದ್ದೇ ವಿಧವೆಯೊಬ್ಬಳ ಕಥೆಯಿಂದ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯು ೧೮೯೯ರಲ್ಲಿ ಹೊರಬಂದಿತು. ಬಾಲ್ಯದಲ್ಲಿಯೇ ವೈಧವ್ಯವನ್ನು ಪಡೆದ ನಂಜನಗೂಡು ತಿರುಮಲಾಂಬಾ ಅವರು ೧೯೧೩ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿ, ಲೇಖಕಿಯಾಗಿಯೂ ಪ್ರಕಾಶಕಿಯಾಗಿಯೂ ಪತ್ರಿಕೋದ್ಯೋಗಿಯಾಗಿಯೂ ಕನ್ನಡದ ಹೆಣ್ಣುಮಕ್ಕಳಿಗೆ ದಾರಿ ತೋರಿದರು. ಸರಸ್ವತಿಯನ್ನು ಅವರು ತಮ್ಮ ಮನೆಗೆ ಬರಮಾಡಿಕೊಂಡಾಗ ಆ ದೇವಿಯು ಹೊಸ್ತಿಲಲ್ಲಿ ನಿಂತು ಹಿಂಜರಿಯಲಿಲ್ಲ. ೧೯೭೬ರಲ್ಲಿ ಎಂ. ಕೆ. ಇಂದಿರಾ ಅವರ ಫಣಿಯಮ್ಮ ಬಂದಿತು. ಅದನ್ನು ಓದಿ ಅಳದವರು ನಮ್ಮ ಮನೆಗಳಲ್ಲಿ ಯಾರಿದ್ದಾರೆ? ಪ್ರೇಮಾ ಕಾರಂತರು ತೆಗೆದ ಅದರ ಚಿತ್ರವನ್ನೂ ನೋಡಿ ಮೆಚ್ಚಿದೆವು. ಪುಸ್ತಕದ ಫಣಿಯಮ್ಮನಿಗಾಗಿ ಕಣ್ಣೊರೆಸಿಕೊಂಡು ಎದ್ದು, ಮನೆಯ ಫಣಿಯಮ್ಮನು ಅಡಿಗೆಯ ಮನೆಗೆ ಹೋಗುವುದನ್ನು ನೋಡುತ್ತ ನಿಂತೆವು.

ಆಚರಣೆಯಲ್ಲಿಯೂ ಮಾದರಿಗಳಿಲ್ಲದಿಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ ೧೯೧೨ರಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅದೇ ದೇವಸ್ಥಾನದಲ್ಲಿ ೨೦೧೩ರ ದಸರಾ ಕಾಲದಲ್ಲಿ, ಜನಾರ್ದನ ಪೂಜಾರಿಯವರ ಮುಂದಾಳುತನದಿಂದ, ಇಬ್ಬರು ವಿಧವೆಯರು ಅರ್ಚಕಿಯರಾಗಿ ನೇಮಕಗೊಂಡರು. ಒಂದು ದೇವಾಲಯದ ಗರ್ಭಗುಡಿಯು ಸ್ವೀಕರಿಸಿದ್ದನ್ನು ನಮ್ಮ ಮನೆಯ ಹೊಸ್ತಿಲು ಸ್ವೀಕರಿಸಲಾರದೆ? ಬೆಳಗಾವಿಯ ಸೀಮೆಗೆ ನೆರೆಯಾದ ಕೊಲ್ಹಾಪುರ ಜಿಲ್ಲೆಯ ಹೇರವಾಡವೆಂಬ ಹಳ್ಳಿಯ ಗ್ರಾಮಸಭೆಯು ೨೦೨೨ರ ಮೇ ತಿಂಗಳಲ್ಲಿ, ಗಂಡನು ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕಾಲುಂಗುರಗಳನ್ನು ತೆಗೆಯಿಸುವುದು ಇವನ್ನು ನಿಷೇಧಿಸಿ ನಿರ್ಣಯ ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರವು ಉಳಿದ ಪಂಚಾಯತಿಗಳೂ ಅದನ್ನು ಅನುಸರಿಸಬೇಕೆಂದು ಸುತ್ತೋಲೆಯನ್ನು ಹೊರಡಿಸಿತು. ಒಕ್ಕಲುಮಕ್ಕಳ ಹಳ್ಳಿಯೊಂದು ಸಭೆ ಸೇರಿ ಕೈಯೆತ್ತಿ ಮಾಡಿದ ಕೆಲಸವನ್ನು, ಪುಸ್ತಕಗಳ ಕಪಾಟುಗಳನ್ನು ಇಟ್ಟುಕೊಂಡಿರುವ ನಾವು ಮಾಡಲಿಲ್ಲ.

ಇದು ಯಾರೋ ಕೆಲವರ ಸಂಗತಿಯೂ ಅಲ್ಲ. ೨೦೧೧ರ ಜನಗಣತಿಯಲ್ಲಿ ಎಲ್ಲ ಮತಗಳವರನ್ನೂ ಸೇರಿಸಿ ಭಾರತದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮಂದಿ ವಿಧವೆಯರು ಎಣಿಕೆಗೆ ಬಂದಿದ್ದರು. ಗಂಡಸಿಗಿಂತ ಹೆಂಗಸು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುವಳು. ಮದುವೆಯಲ್ಲಿ ಅವಳೇ ಕಿರಿಯಳು. ಆದುದರಿಂದ ಇಂದು ಮುತ್ತೈದೆಯಾಗಿ ಆರತಿಯ ತಟ್ಟೆಯನ್ನು ಹಿಡಿದಿರುವವರಲ್ಲಿ ಬಹುಮಂದಿ ಮುಂದೊಂದು ಭಾದ್ರಪದದಲ್ಲಿ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳಕ್ಕೆ ಹೋಗಬೇಕಾದವರೇ. ತಟ್ಟೆಯನ್ನು ಹಿಡಿದ ಹೆಂಗಸು ಇದನ್ನು ಬಲ್ಲಳು. ಗೌರಿಯ ಮುಂದೆ ಅವಳು ಮುತ್ತೈದೆತನವನ್ನು ಬೇಡುವಾಗ, ಆ ಬೇಡಿಕೆಯಲ್ಲಿ ಗಂಡನ ಮೇಲಿನ ಪ್ರೀತಿಯ ಜೊತೆಗೆ ಈ ಹೆದರಿಕೆಯೂ ಸೇರಿರುತ್ತದೆ. ಹೆದರಿಕೆಯನ್ನು ತೆಗೆದುಹಾಕಿದರೆ ಪ್ರಾರ್ಥನೆಯು ಶುದ್ಧವಾಗುವುದೇ ಹೊರತು ಕುಂದುವುದಿಲ್ಲ.

ಇನ್ನು ನಮ್ಮ ಸಂಘಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತು. ಜಿಲ್ಲೆಯ ಹಾಡುಗಳನ್ನು ಸಂಗ್ರಹಿಸಬೇಕೆಂಬುದು ನಮ್ಮ ಸಂಘದ ಉದ್ದೇಶಗಳಲ್ಲೊಂದು. ಗೌರಿಯ ಹಾಡು, ಗಂಗೆಯ ಹಾಡು, ಆರತಿಯ ಹಾಡು, ಬಾಗಿನದ ಹಾಡು ಇವು ಯಾರ ಬಾಯಲ್ಲಿವೆ? ಎಪ್ಪತ್ತು ಎಂಬತ್ತು ವರ್ಷದ ಅಜ್ಜಿಯರ ಬಾಯಲ್ಲಿವೆ. ಅವರಲ್ಲಿ ಮುತ್ತೈದೆಯರು ಎಷ್ಟು ಮಂದಿ ಉಳಿದಿರುತ್ತಾರೆ? ಆವಾಹನದ ಸಾಹಿತ್ಯವನ್ನು ಬಲ್ಲವರನ್ನೇ ಆವಾಹನದ ಸ್ಥಳದಿಂದ ದೂರವಿಟ್ಟರೆ, ಎಳೆಯರು ಆ ಹಾಡುಗಳನ್ನು ಕಲಿಯುವುದು ಯಾರಿಂದ, ಎಲ್ಲಿ? ಹಾಡು ಹಾಡುವಾಗ ಕೇಳಿ ಬರುವ ವಿದ್ಯೆ. ಹಾಡತಕ್ಕವಳು ಬಾಗಿಲಲ್ಲಿ ಇಲ್ಲದ ವರ್ಷದಿಂದ ಅದು ಕಲಿಯುವವರಿಗೆ ಇಲ್ಲವಾಗುತ್ತದೆ. ನಾವು ಸಂಗ್ರಹಕಾರರನ್ನು ಧ್ವನಿಗ್ರಹಣದ ಯಂತ್ರದೊಡನೆ ಹಳ್ಳಿಗೆ ಕಳುಹಿಸುತ್ತೇವೆ. ಅವರು ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ಹಾಡಿಸುತ್ತಾರೆ. ಅಜ್ಜಿಯು ಗೌರಿಯೇ ಇಲ್ಲದ ಹೊಸ್ತಿಲನ್ನು ನೋಡುತ್ತ ಗೌರಿಯನ್ನು ಕರೆಯುತ್ತಾಳೆ. ಅದನ್ನು ಮುದ್ರಿಸಿ ನಾವು ಸಂಸ್ಕೃತಿಯನ್ನು ಉಳಿಸಿದೆವೆನ್ನುತ್ತೇವೆ. ಗೌರಿಯು ನಿಜವಾಗಿ ಬರುವ ದಿನ ಆ ಅಜ್ಜಿಯನ್ನು ಬಾಗಿಲಿಗೆ ಕರೆದಿದ್ದರೆ ಯಂತ್ರದ ಅಗತ್ಯವು ಅಷ್ಟಾಗಿ ಇರುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಾಯಿದೆಯೂ ಬೇಕಾಗಿಲ್ಲ, ಚಳವಳಿಯೂ ಬೇಕಾಗಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಒಬ್ಬರು ಬಾಯಿಬಿಟ್ಟರೆ ಸಾಕು. ಹಬ್ಬಕ್ಕೆ ಎಂಟು ದಿನ ಮುಂಚೆಯೇ ಮನೆಯ ಯಜಮಾನನು, ಈ ಸಲ ಗೌರಿಗೆ ಆರತಿಯನ್ನು ಅಮ್ಮನೇ ಎತ್ತುವಳೆಂದು ಹೇಳಲಿ. ಈ ಕೆಲಸವನ್ನು ಸೊಸೆಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಮಾತು ಮಗನಿಂದ, ತಮ್ಮನಿಂದ ಬರಬೇಕು. ನೆರೆಹೊರೆಯವರು ಏನೆನ್ನುವರೋ ಎಂಬ ಸಂಕೋಚವಿದ್ದರೆ, ನೆರೆಯವರ ಮನೆಯಲ್ಲಿಯೂ ಒಬ್ಬ ಅಮ್ಮನು ಬಾಗಿಲ ಹಿಂದೆ ನಿಂತಿದ್ದಾಳೆಂಬುದನ್ನು ನೆನೆಯಲಿ. ಪುರೋಹಿತರಲ್ಲಿ ನನ್ನ ವಿನಂತಿಯಿಷ್ಟೆ: ಯಾರಾದರೂ ಕೇಳಿದರೆ ಹೌದೆನ್ನಿರಿ, ಹೌದೆನ್ನಲು ಆಗದಿದ್ದರೆ ಇಲ್ಲವೆನ್ನಬೇಡಿರಿ. ನಮ್ಮ ಸಂಘವೂ ಬರುವ ಹಬ್ಬದ ಕೂಟದಲ್ಲಿ ಅರಿಶಿನ ಕುಂಕುಮದ ತಟ್ಟೆಯನ್ನು ಬಂದ ಎಲ್ಲ ಹೆಂಗಸರ ಮುಂದೆಯೂ ಹಿಡಿಯಲಿ; ತೆಗೆದುಕೊಳ್ಳುವುದು ಬಿಡುವುದು ಅವರವರ ಮನಸ್ಸು.

ನನ್ನ ಮನೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಆ ಮೊದಲನೆಯ ಹಬ್ಬವಾಗಿ ಆರು ವರ್ಷಗಳಾದವು. ಆರು ಸಲವೂ ಅಕ್ಕನು ತಟ್ಟೆಯನ್ನು ಸಿದ್ಧಮಾಡಿಕೊಟ್ಟು ಒಳಕ್ಕೆ ಹೋಗಿದ್ದಾಳೆ. ಆರು ಸಲವೂ ನಾನು ಗಂಟೆಯನ್ನು ಬಾರಿಸಿದ್ದೇನೆ. ಸಂಘದ ಸಭೆಯಿಂದ ಮನೆಗೆ ಬಂದ ರಾತ್ರಿ ಅವಳನ್ನು ಕೇಳಿದೆ. "ನಿನಗೇನು ಹುಚ್ಚೇನೋ? ಜನ ನಗುತ್ತಾರೆ" ಎಂದಳ. ಸ್ವಲ್ಪ ಹೊತ್ತಿನ ಮೇಲೆ, ಅಕ್ಕಿ ಆರಿಸುತ್ತ, ನನ್ನ ಕಡೆ ನೋಡದೆ, "ಹಾಡು ಮಾತ್ರ ಹೇಳಿಕೊಡುತ್ತೇನೆ, ಹುಡುಗಿಯರನ್ನು ಕೂರಿಸು" ಎಂದಳು. ಈಗ ಪ್ರತಿ ಸಂಜೆಯೂ ನನ್ನ ಮಗಳೂ ಅವಳ ಗೆಳತಿಯರಿಬ್ಬರೂ ನಡುಮನೆಯಲ್ಲಿ ಕುಳಿತು ಕಲಿಯುತ್ತಿದ್ದಾರೆ. ಎರಡು ನುಡಿಗಳು ಬಂದಿವೆ. ಮೂರನೆಯದು ಅಕ್ಕನಿಗೇ ಪೂರ್ತಿ ನೆನಪಿಗೆ ಬರುತ್ತಿಲ್ಲ. ತದಿಗೆಯ ಬೆಳಗ್ಗೆ ಗಂಗೆಯು ಬಾವಿಕಟ್ಟೆಯಿಂದ ಹೊರಟಾಗ ನಾನು ಗಂಟೆಯನ್ನು ಹಿಡಿಯುವುದಿಲ್ಲ. ಅಡಿಗೆಯ ಮನೆಯ ಬಾಗಿಲಿಗೆ ಹೋಗಿ ನಿಂತು, ನೆಂಟರೆಲ್ಲರ ಎದುರಿಗೆ, ಅವಳನ್ನು ಇನ್ನೊಮ್ಮೆ ಕರೆಯುತ್ತೇನೆ. ಓದುಗರೂ ತಮ್ಮ ತಮ್ಮ ಮನೆಗಳಲ್ಲಿ ಹಾಗೆ ಕರೆಯಬೇಕೆಂದು ಬೇಡುತ್ತೇನೆ.